ಏಡಿಗಳ ಸೀಮಂತ

ಮೊಟ್ಟೆ ಹೊತ್ತ ಏಡಿ ಬಲೆಗೆ ಬಿದ್ದರೆ ಕಡಲಿಗೇ ಬಿಡಬೇಕು. ಅದು ಬಂದರಿನವರೆಲ್ಲ ಕೂಡಿ ಮಾಡಿಕೊಂಡ ಕಟ್ಟಳೆ. ಆದರೆ ಐದು ಬೋಟುಗಳ ಧಣಿ ಮಂಜಯ್ಯನಿಗೆ ಕಟ್ಟಳೆ ಯಾವ ಲೆಕ್ಕ?

“ಏಯ್ ಪದ್ದು, ನಾಳೆ ನನ್ನ ಸೊಸೆಯ ಸೀಮಂತ. ಊಟಕ್ಕೆ ಮೊಟ್ಟೆ ಏಡಿಯೇ ಆಗಬೇಕು, ಒಂದು ಬುಟ್ಟಿ. ತರದಿದ್ದರೆ ನನ್ನ ಬೋಟಿನ ಮೀನು ಇನ್ನು ನಿನಗಿಲ್ಲ!”

ಮೀನು ಮಾರುವ ಪದ್ದುವಿಗೆ ಪೇಚಾಟ. ಬೋಟಿನ ಮೀನಿಲ್ಲದಿದ್ದರೆ ಅವಳ ಒಲೆ ಉರಿಯದು. ಏಡಿ ಕೊಟ್ಟರೆ ಬರುವ ವರ್ಷ ಕಡಲಲ್ಲಿ ಏಡಿಯೇ ಇರದು.

ಮರುದಿನ ಅವಳು ಬುಟ್ಟಿ ಹೊತ್ತು ಬಂದಳು. ಹಿತ್ತಲಿಗೆ ಹೋಗಲಿಲ್ಲ, ನೇರ ಚಪ್ಪರಕ್ಕೇ ನಡೆದಳು. ಸೊಸೆಯ ಪಕ್ಕದಲ್ಲೇ ಬುಟ್ಟಿ ಇಳಿಸಿ ಒದ್ದೆ ಗೋಣಿ ಸರಿಸಿದಳು. ಒಂದೊಂದು ಏಡಿಯ ಬೆನ್ನಿಗೂ ಅರಿಶಿನ, ಕುಂಕುಮ!

“ಇವರೂ ಬಸುರಿಯರೇ ಅಮ್ಮ, ಮಡಿಲು ತುಂಬಿ” ಎಂದಳು ಧಣಿಯ ಹೆಂಡತಿಗೆ.

ಹೆಂಗಸರು ಬಿದ್ದು ಬಿದ್ದು ನಗುತ್ತ ಅಕ್ಕಿ ಹಾಕಿದರು, ಹೂ ಹಾಕಿದರು, ಆರತಿಯನ್ನೂ ಎತ್ತಿದರು.

“ಸಾಕು, ಅಡುಗೆಯವರಿಗೆ ಕೊಡು!” ಧಣಿ ಗುಡುಗಿದ.

“ಅಡುಗೆಯವರಿಗೋ? ಸೀಮಂತ ಮುಗಿದ ಮೇಲೆ ಬಸುರಿಯನ್ನು ಎಲ್ಲಿಗೆ ಕಳಿಸುತ್ತಾರೆ, ಧಣಿಗಳೇ?”

“ತವರಿಗೆ!” ಸೊಸೆಯೇ ಥಟ್ಟನೆ ಹೇಳಿಬಿಟ್ಟಳು.

ಇಡೀ ಚಪ್ಪರ ಗೊಳ್ಳೆಂದಿತು. ಧಣಿಯ ಹೆಂಡತಿ ಬುಟ್ಟಿಯನ್ನು ಗಂಡನ ತಲೆಗೇ ಹೊರಿಸಿದಳು. “ಜೋಪಾನ, ಕುಲುಕಬೇಡಿ. ಬಸುರಿಯರು!”

ರೇಷ್ಮೆ ಪಂಚೆ ಎತ್ತಿ ಕಟ್ಟಿ ಧಣಿ ಕಡಲಲ್ಲಿ ಮೊಣಕಾಲುದ್ದ ನೀರಿಗಿಳಿದ. ಕೊಂಡಿಗೆ ಕಟ್ಟಿದ್ದ ದಾರ ಬಿಚ್ಚಿ ಏಡಿಗಳನ್ನು ಒಂದೊಂದಾಗಿ ಬಿಟ್ಟ. ಕೊನೆಯ ಏಡಿ ಮಾತ್ರ ಅವನ ಹೆಬ್ಬೆರಳು ಕಚ್ಚಿ ಹಿಡಿದು ಬಿಡಲೊಲ್ಲದು.

ದಡದಿಂದ ಪದ್ದು ಕೂಗಿದಳು: “ಬೈಯಬೇಡಿ ಧಣಿಗಳೇ! ಇಂಥ ಮಾವನನ್ನು ಬಿಟ್ಟು ಹೋಗಲು ಅದಕ್ಕೆ ಮನಸ್ಸಿಲ್ಲ!”