ನಲವತ್ತೊಂದು ಹಾಳೆ

ಒಬ್ಬ ಒಂಟಿ ದರ್ಜಿಯ ಹತ್ತು ವರ್ಷದ ದಿನಚರಿಯನ್ನು ತಿಪ್ಪೇಶ ಅರ್ಧ ಗಂಟೆಯಲ್ಲಿ ಅಳಿಸಿ ಹಾಕಿದ. ಕಂಪ್ಯೂಟರಿಗೆ ಹೊಸ ಬೋರ್ಡು ಹಾಕಿಕೊಡಲು ಹೋದವನು ಹಳೆಯ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆದ. ಮರುದಿನ ಬೆಳಿಗ್ಗೆ, ತನಗೆ ರಿಪೇರಿ ಕಲಿಸಿದ ಮೇಷ್ಟ್ರ ಮುಂದೆ ಬಂದು ಕುಳಿತು ಕೇಳಿದ:

“ಮೇಷ್ಟ್ರೇ, ಅಳಿಸೋ ಮುಂಚೆ ನಾನು ಕೇಳಿದ್ದೆ. ಎಲ್ಲಾ ಡಿ ಡ್ರೈವಲ್ಲಿ ಇದೆಯಾ ಅಂತ. ಅವರೇ ಹೂಂ ಅಂದ್ರು. ಈಗ ನನ್ನ ಅಂಗಡಿ ಮುಂದೆ ನಿಂತು ಬಯ್ತಿದ್ದಾರೆ. ತಪ್ಪು ಯಾರದು, ನೀವೇ ಹೇಳಿ.”

ಮೇಷ್ಟ್ರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಬೀದಿ ಗುಡಿಸುವ ಕೆಲಸ ಮಾಡಿ ನಿವೃತ್ತಳಾದವಳು. ಆಕೆಯ ತಮ್ಮ ಮ್ಯಾನ್‌ಹೋಲಿಗೆ ಇಳಿದು ಸತ್ತ. ಸೊಂಟಕ್ಕೆ ಒಂದು ಹಗ್ಗವನ್ನೂ ಕಟ್ಟದೆ ಅವನನ್ನು ಇಳಿಸಿದ್ದರು. ಕಾಲು ಜಾರಿ ಬಿದ್ದ ಎಂದು ಬರೆದುಕೊಂಡು ಕಚೇರಿಯವರು ಕೈತೊಳೆದುಕೊಂಡರು.

ಆಕೆ ಒಂದು ಹಳೆಯ ಕಂಪ್ಯೂಟರ್ ತಂದು ಮನೆಯಲ್ಲಿಟ್ಟುಕೊಂಡಳು. ಒಂದೇ ಬೆರಳಿನಲ್ಲಿ ಅಕ್ಷರ ಒತ್ತುವುದನ್ನು ಕಲಿತಳು. ತಮ್ಮನ ಹೆಸರು, ಅವನು ಇಳಿದ ಗುಂಡಿ ಯಾವುದು, ಇಳಿಸಿದವರು ಯಾರು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಳು. ಆಮೇಲೆ ಬಸ್ಸು ಹತ್ತಿ ಬೇರೆ ಊರುಗಳಿಗೆ ಹೋದಳು. ಹಾಗೆಯೇ ಸತ್ತ ಬೇರೆಯವರ ವಿವರ ಕೇಳಿಕೊಂಡು ಬಂದಳು. ಒಬ್ಬನಿಗೆ ಒಂದು ಹಾಳೆ. ಹದಿನಾಲ್ಕು ವರ್ಷದಲ್ಲಿ ನಲವತ್ತೊಂದು ಹಾಳೆಗಳಾದವು. ಅಂಥ ಪಟ್ಟಿ ಯಾವ ಸರ್ಕಾರದ ಬಳಿಯೂ ಇರಲಿಲ್ಲ.

ಇದರಿಂದ ಆಕೆಗೆ ಸಿಕ್ಕಿದ್ದೇನು? ಜೊತೆಗೆ ಗುಡಿಸಿದವರು ದೂರವಾದರು. ಕೆಲಸ ಹೋದೀತೆಂಬ ಹೆದರಿಕೆ ಅವರಿಗೆ. ಸತ್ತವರ ಮನೆಯವರೂ ಆಕೆಯನ್ನು ಕಂಡರೆ ಬಾಗಿಲು ಮುಂದೆ ಮಾಡಿಕೊಂಡರು. ಹಬ್ಬಕ್ಕೂ ಯಾರೂ ಕರೆಯಲಿಲ್ಲ. ದಿನಾ ಸಂಜೆ ಆಕೆ ಒಂದು ಹಾಳೆ ತೆರೆದು ಗಟ್ಟಿಯಾಗಿ ಓದುತ್ತಿದ್ದಳು. ಆ ಮನೆಯಲ್ಲಿ ಮಾತು ಅಂತ ಕೇಳಿಸುತ್ತಿದ್ದದ್ದು ಅದೊಂದೇ.

ಕೊನೆಗೆ, ಈ ಸಾವುಗಳ ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾರೆಂದು ಸುದ್ದಿ ಬಂತು. ಹಾಳೆಗಳನ್ನು ಅಚ್ಚು ಹಾಕಿಸಿ ಕೊಡಬೇಕು. ಆದರೆ ಕಂಪ್ಯೂಟರ್ ಏಳುತ್ತಲೇ ಇರಲಿಲ್ಲ. ಎದ್ದರೆ ನಡುವೆ ನಿಲ್ಲುತ್ತಿತ್ತು. ಆಕೆ ರಿಪೇರಿಯವನನ್ನು ಕರೆಸಿದಳು.

“ಬೋರ್ಡು, ಪ್ರೊಸೆಸರ್, ರ್‍ಯಾಮ್ ಮೂರೂ ಬದಲಾಯಿಸಬೇಕಮ್ಮ,” ಎಂದ ಅವನು.

“ಒಳಗಿರೋ ನಮ್ಮ ಜನ ಉಳೀತಾರೇನಪ್ಪ?”

ಅವನಿಗೆ ನಗು ಬಂತು. “ಜನ ಎಲ್ಲೂ ಹೋಗಲ್ಲ ಬಿಡಮ್ಮ. ಎಲ್ಲಾ ಡಿ ಡ್ರೈವಲ್ಲಿ ಇಟ್ಟಿದೀರ ತಾನೆ?”

“ಹೂಂ,” ಎಂದಳು.

ತಿಪ್ಪೇಶ, ನಿನಗೆ ಗೊತ್ತಿರುವುದು ಆಕೆಗೆ ಗೊತ್ತಿರಲಿಲ್ಲ. ಡಿಸ್ಕನ್ನು ಎರಡು ಭಾಗ ಮಾಡಿರುತ್ತಾರೆ. ಸಿ ಎಂಬ ಭಾಗದಲ್ಲಿ ಯಂತ್ರವನ್ನು ನಡೆಸುವ ವ್ಯವಸ್ಥೆ ಇರುತ್ತದೆ, ಡಿ ಎಂಬ ಭಾಗದಲ್ಲಿ ನಮ್ಮ ಸಾಮಾನು. ನೀವು ರಿಪೇರಿಯವರು ಸಿ ಅಳಿಸುತ್ತೀರಿ. ಆಕೆ ತನ್ನ ಹಾಳೆಗಳನ್ನು ಪರದೆ ತೆರೆದ ಕೂಡಲೇ ಕಾಣುವಂತೆ ಎದುರಿಗೇ ಜೋಡಿಸಿಟ್ಟಿದ್ದಳು. ಎದುರಿಗೆ ಕಾಣುವುದೆಲ್ಲ ಸಿ ಭಾಗದಲ್ಲಿ ಇರುತ್ತದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ರಿಪೇರಿಯವನು ಒಮ್ಮೆ ಕಣ್ಣಿಟ್ಟು ನೋಡಿದ್ದರೆ ಸಾಕಿತ್ತು. ಅಷ್ಟೂ ಬೇಡ. ಬೋರ್ಡು ಬದಲಾಯಿಸಲು ಬಂದವನಿಗೆ ಡಿಸ್ಕಿನ ಗೊಡವೆಯೇ ಬೇಡವಾಗಿತ್ತು. ಅದರ ತಂತಿ ಎಳೆದು ಮೇಜಿನ ಮೇಲಿಟ್ಟು, ಬೇರೊಂದು ಡಿಸ್ಕ್ ಹಾಕಿ ಯಂತ್ರವನ್ನು ಎಬ್ಬಿಸಿ, ಹಳೆಯದರಲ್ಲಿದ್ದದ್ದನ್ನು ಆಕೆಯ ಕಣ್ಣೆದುರೇ ಒಂದೊಂದಾಗಿ ತೆರೆದು ತೋರಿಸಿ ದಾಟಿಸಬಹುದಿತ್ತು. ಅದಕ್ಕೆ ಮಧ್ಯಾಹ್ನದ ಊಟ ತಡವಾಗುತ್ತಿತ್ತು. ಅಳಿಸುವುದು ಬೇಗ ಆಗುತ್ತದೆ. ಅಳಿಸಿದ.

ಮರುದಿನ ಆಕೆ ಅವನ ಅಂಗಡಿಗೆ ಬಂದಳು.

“ನಾನು ಕೇಳಲಿಲ್ವಾ? ನೀವು ಹೂಂ ಅನ್ನಲಿಲ್ವಾ?” ಎಂದು ಅವನೇ ಮೊದಲು ದನಿ ಎತ್ತಿದ.

“ಅಂದೆ. ಕಲಿತೋರು ಏನು ಕೇಳಿದ್ರೂ ಹೂಂ ಅಂದು ಅಂದು ನಮಗೆ ರೂಢಿ. ಅದಿರಲಿ. ಅವರನ್ನ ವಾಪಸು ತೆಗೆಯೋಕೆ ದಾರಿ ಇದೆಯಾ, ಅದನ್ನ ಹೇಳಪ್ಪ.”

ದಾರಿ ಇತ್ತು. ಅವನಿಗೆ ಗೊತ್ತೂ ಇತ್ತು. ಫಾರ್ಮ್ಯಾಟ್ ಹೊಡೆದಾಗ ಆ ಡಿಸ್ಕು ಕಳೆದುಕೊಳ್ಳುವುದು ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ. ಬರೆದದ್ದು ಒಳಗೇ ಇರುತ್ತದೆ, ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ. ಯಂತ್ರ ಆರಿಸಿ ಎಂದು ಅವನು ಒಂದು ಮಾತು ಹೇಳಬೇಕಿತ್ತು. ಹೇಳಿದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದೆ ಎಂದು ಹೇಳಲಿಲ್ಲ. “ನೋಡೋಣ ಹೋಗಿ,” ಎಂದ.

ಆಮೇಲೆ ತಪ್ಪು ಯಾರದೆಂದು ಕೇಳಲು ಹೊರಟ. ಪಕ್ಕದ ಅಂಗಡಿಯವನನ್ನು ಕೇಳಿದ. ಬಿಡಿಭಾಗ ಮಾರುವವನನ್ನು ಕೇಳಿದ. ಚಹಾದ ಅಂಗಡಿಯಲ್ಲಿ ರಿಪೇರಿಯವರೆಲ್ಲ ಸೇರಿದಾಗ ಕೇಳಿದ.

“ಬಾಗಿಲ ಮುಂದೆ ಅಕ್ಕಿ ಸುರಿದಿಟ್ಟು ಕೋಳಿ ತಿಂತು ಅಂತ ಅತ್ತರೆ ಯಾರೇನು ಮಾಡೋಕಾಗುತ್ತೆ ಮಾರಾಯ!” ಎಂದ ಒಬ್ಬ. ಎಲ್ಲರೂ ನಕ್ಕರು. ನಿನ್ನ ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು.

ಇದಕ್ಕೆ ನಾಲ್ಕು ದಿನ ಹಿಡಿಯಿತು.

ಆ ನಾಲ್ಕು ದಿನ ಆಕೆ ಸುಮ್ಮನೆ ಕೂರಲಿಲ್ಲ. ಮನೆಗೆ ಹೋಗಿ, ಯಂತ್ರ ಹಚ್ಚಿ, ನೆನಪಿದ್ದಷ್ಟನ್ನು ಮತ್ತೆ ಬರೆಯತೊಡಗಿದಳು. ಹೊಸದಾಗಿ ಎದ್ದ ಯಂತ್ರ ತನಗೆ ಬೇಕಾದದ್ದನ್ನು ತಾನೇ ಇಳಿಸಿಕೊಳ್ಳುತ್ತಿತ್ತು. ಅದು ಇಳಿಸಿಕೊಂಡದ್ದೂ ಆಕೆ ಬರೆದದ್ದೂ ಹಳೆಯ ಹಾಳೆಗಳ ಮೇಲೆಯೇ ಬಿದ್ದವು. ಆಕೆಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವನು ಚಹಾದ ಅಂಗಡಿಯಲ್ಲಿದ್ದ.

ಐದನೆಯ ದಿನ ಅವನು ಹಗುರಾಗಿ ಬಂದ. “ನನ್ನ ತಪ್ಪಲ್ಲ ಅಂತ ಎಲ್ಲರೂ ಹೇಳಿದ್ರಮ್ಮ. ಆದ್ರೂ ತೆಗೆದು ನೋಡ್ತೀನಿ,” ಎಂದ. ಡಿಸ್ಕಿನಿಂದ ಹದಿನೈದು ಹಾಳೆ ಬಂದವು. ಉಳಿದವು ಅಕ್ಷರವಲ್ಲದ ಗುರುತುಗಳು. ಆಕೆಯ ನೆನಪಿನಿಂದ ಇಪ್ಪತ್ತೆರಡು ಬಂದವು. ಇನ್ನು ನಾಲ್ಕು ಯಾರವೆಂದು ಆಕೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೇಳೋಣವೆಂದರೆ ಬಾಗಿಲು ತೆಗೆಯುವವರು ಯಾರೂ ಇರಲಿಲ್ಲ.

ಅಧಿಕಾರಿ ಬಂದರು. ಆಕೆ ಮೂವತ್ತೇಳು ಹಾಳೆ ಕೊಟ್ಟಳು.

“ಇಷ್ಟೇನಾ?” ಎಂದು ಅವರು ಕೇಳಿದರು.

“ಅಲ್ಲ. ಇನ್ನೂ ನಾಲ್ವರಿದ್ದಾರೆ. ಹೆಸರು ಹೋಗಿದೆ.”

“ಹೆಸರಿಲ್ಲದವರನ್ನು ಬರೆದುಕೊಳ್ಳೋಕೆ ಬರಲ್ಲಮ್ಮ,” ಎಂದು ಅವರು ಕಡತ ಮುಚ್ಚಿದರು.

ಮೇಷ್ಟ್ರು ಕತೆ ನಿಲ್ಲಿಸಿದರು.

ತಿಪ್ಪೇಶ ಕೇಳಿದ, “ಹಾಗಾದ್ರೆ ತಪ್ಪು ಆ ರಿಪೇರಿಯವನದೇ ಅಂತೀರಾ?”

“ಇನ್ನೂ ಅದನ್ನೇ ಕೇಳ್ತೀಯಲ್ಲೋ. ಆ ದರ್ಜಿಯ ಕಂಪ್ಯೂಟರ್ ಈಗ ಎಲ್ಲಿದೆ?”

“ಅವರ ಮನೇಲೇ ಇದೆ. ನಿನ್ನೆ ಹಚ್ಚಿಟ್ಟು ಬಂದೆ. ಅಪ್‌ಡೇಟ್ ಇಳೀತಿತ್ತು...”



“ಎದ್ದು ಓಡು, ಮೊದಲು ಅದನ್ನು ಆರಿಸು.”