ಆರು ಮೂಲೆಯ ಪಿಸ್ತೂಲಿಗೆ ಮಾಯಿಗ ಕೊಟ್ಟ ಗುಂಡು

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ಸಾಕಮ್ಮನ ಮುಖ ನೆನೆದರೆ ನಗು ಬರುವುದಿಲ್ಲ.

ಊರಾಚೆ ಗುಂಡು ಹೊಡೆಯುವ ಕ್ಲಬ್ಬೊಂದಿತ್ತು. ಅಲ್ಲಿ ಪಿಸ್ತೂಲು ಕಾಯುವ, ಗುಂಡು ಕೊಡುವ ಕೆಲಸ ಸಾಕಮ್ಮನ ಗಂಡನದು. ಆತ ತೀರಿಕೊಂಡ. ಕ್ಲಬ್ಬಿನವರು ಕೊಟ್ಟ ಮನೆಯಲ್ಲಿ ತಾಯಿ ಮಗ ಇಬ್ಬರೇ ಉಳಿದರು. ಮಗ ಮಾಯಿಗ ಮೀಸೆ ಬಲಿತ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕರ್ಮ!

ಕ್ಲಬ್ಬಿನ ಯಜಮಾನಿಕೆ ಒಬ್ಬ ಹಳೇ ಸುಬೇದಾರರದು. ಅವರು ಹೇಳಿದರು: “ಭಾನುವಾರ ಪಂದ್ಯ ಇದೆ ಸಾಕಮ್ಮ. ಅಲ್ಲೀತನಕ ಮಾಯಿಗ ಸರಿಯಾಗಿ ಗುಂಡು ಕೊಟ್ಟರೆ ಕೆಲಸ ಅವನದು, ಮನೆ ನಿಮ್ಮದು. ಇಲ್ಲದಿದ್ರೆ ಮನೆ ಬಿಡಬೇಕಾಗುತ್ತೆ.”

ಗುರುವಾರ ಬೆಳಗ್ಗೆ ಸಾಕಮ್ಮ ಮಗನ ತಲೆ ಬಾಚಿ ಹೇಳಿದಳು: “ಎಲ್ಲಾರ್ಗೂ ಒಂದೇ ಸಮ ಕೊಡಪ್ಪ. ಅವರಿಗೊಂದು ಇವರಿಗೊಂದು ಅಂತ ಮಾಡ್ಬೇಡ.”

“ಆಯ್ತು ಕಣವ್ವಾ!”

ಮಾಯಿಗ ಎಲ್ಲ ಪಿಸ್ತೂಲಿಗೂ ಬರೀ ಸೀಸದ ಗುಂಡನ್ನೇ ಕೊಟ್ಟ. ಸುಬೇದಾರರ ಹೊಸ ಪಿಸ್ತೂಲಿಗೂ ಅದನ್ನೇ ಕೊಟ್ಟ! ಮಧ್ಯಾಹ್ನ ಅವರು ಪಿಸ್ತೂಲು ಹಿಡಿದು ಸಾಕಮ್ಮನ ಮನೆಗೆ ಓಡಿಬಂದರು. “ಒಳಗೆ ನೋಡಮ್ಮ! ಸೀಸ ಹೆಂಗೆ ಮೆತ್ತಿದೆ ನೋಡು! ಇನ್ನು ಹತ್ತು ಹೊಡೆದಿದ್ರೆ ಸಿಡಿದು ನನ್ನ ಕೈಯೇ ಹೋಗ್ತಿತ್ತು!”

ಸಾಕಮ್ಮ ಹಿಂದೆಯೇ ಬಂದ ಮಗನ ಕಿವಿ ಹಿಂಡಿದಳು. “ಅಯ್ಯೋ ಪಾಪಿ! ಹಳೇ ಪಿಸ್ತೂಲಿನ ಕೊಳವೇಲಿ ಗೀರು ಕೊರೆದಿರ್ತಾರೆ, ಅದಕ್ಕೆ ಸೀಸ ನಡೀತದೆ. ಹೊಸದ್ರಲ್ಲಿ ಗೀರಿಲ್ಲ. ಆರು ಮೂಲೆ, ನುಣ್ಣಗೆ ತಿರುಚಿಕೊಂಡು ಹೋಗಿರ್ತದೆ. ಅದ್ರಲ್ಲಿ ಸೀಸ ಹೊಡೆದ್ರೆ ಒಳಗೇ ಅಂಟ್ಕೋತದೆ. ಅದಕ್ಕೆ ಕೊಡೋ ಗುಂಡಿನ ಮೇಲೆ ತಾಮ್ರ ಇರ್ಬೇಕು, ತಾಮ್ರ!”

“ಆಯ್ತು ಕಣವ್ವಾ!”

ಶುಕ್ರವಾರ ಬೆಳಗ್ಗೆ ಸಾಕಮ್ಮ ಬಚ್ಚಲಿಗೆ ಹೋದರೆ ತಾಮ್ರದ ಹಂಡೆಯೇ ಇಲ್ಲ! ಹುಡುಕುತ್ತಾ ಕ್ಲಬ್ಬಿಗೆ ಬಂದಳು. ಮೇಜಿನ ಮೇಲೆ ಅವಳ ಹಂಡೆ ಬೋರಲಾಗಿ ಕೂತಿದೆ. ಎದುರಿಗೆ ಸುಬೇದಾರರು ಬಾಯಿ ತೆರೆದು ನಿಂತಿದ್ದಾರೆ.

“ಇದೇನೋ?”

“ಗುಂಡಿನ ಮೇಲೆ ತಾಮ್ರ ಕಣವ್ವಾ!” ಎಂದು ಮಾಯಿಗ ಹಂಡೆ ಎತ್ತಿದ. ಕೆಳಗೆ ಅದೇ ಸೀಸದ ಗುಂಡುಗಳು!

ಸಾಕಮ್ಮ ಹಣೆ ಚಚ್ಚಿಕೊಂಡಳು. ಹಂಡೆಯನ್ನು ಸೊಂಟಕ್ಕಿಟ್ಟು ಮನೆಯವರೆಗೂ ಬೈದಳು. “ತಾಮ್ರ ಗುಂಡಿಗೇ ಅಂಟಿರ್ಬೇಕೋ! ಕೆರೆದು ನೋಡು. ಸೀಸ ಕಂಡ್ರೆ ಪಕ್ಕಕ್ಕಿಡು, ತಾಮ್ರ ಕಂಡ್ರೆ ಕೊಡು!”

“ಆಯ್ತು ಕಣವ್ವಾ!”

ಶನಿವಾರ ಕ್ಲಬ್ಬಿನ ಕಡೆಯಿಂದ ಕರ ಕರ ಸದ್ದು. ಸಾಕಮ್ಮ ಓಡಿದಳು. ಪಂದ್ಯಕ್ಕೆಂದು ತರಿಸಿದ್ದ ತಾಮ್ರದ ಹೊದಿಕೆಯ ಗುಂಡುಗಳ ಮೂತಿಯನ್ನು ಮಾಯಿಗ ಅರ ಹಿಡಿದು ಉಜ್ಜುತ್ತಿದ್ದಾನೆ! ಇನ್ನೂರು ಗುಂಡು ಉಜ್ಜಿ ಮುಗಿದಿತ್ತು.

“ಮೋಸ ಕಣವ್ವಾ! ಮೇಲೆ ತಾಮ್ರ, ಕೆರೆದ್ರೆ ಒಳಗೆಲ್ಲಾ ಸೀಸ! ಒಂದೂ ಕೊಡ್ಲಿಲ್ಲ, ಎಲ್ಲಾ ಪಕ್ಕಕ್ಕಿಟ್ಟೆ!”

ಸುಬೇದಾರರು ಬಂದು ಉಜ್ಜಿದ ಗುಂಡುಗಳನ್ನೆಲ್ಲ ಎಣಿಸಿದರು. ಕೊನೆಗೆ, “ಒಂದು ಡಬ್ಬಿ ಉಳಿದಿದೆ. ನಾಳೆ ಒಂದು ದಿನ ನೋಡ್ತೀನಿ, ಸಾಕಮ್ಮ” ಅಂದರು.

ಸಾಕಮ್ಮನಿಗೆ ಅಳು ಬಂತು. ಮಗನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. “ನನ್ನಪ್ಪಾ, ನಾಳೆ ಆ ಪಿಸ್ತೂಲು, ಆ ಡಬ್ಬಿ ಎರಡನ್ನೂ ಸುಬೇದಾರರ ಕೈಗೆ ಕೊಡು, ಅಷ್ಟೇ! ಇನ್ಮೇಲೆ ಮೇಲೇನೈತೋ ಅಷ್ಟು ನೋಡು. ಒಳಗೇನೈತೆ ಅಂತ ನೋಡಬ್ಯಾಡ!”

“ಆಯ್ತು ಕಣವ್ವಾ!”

ಭಾನುವಾರ ಜನ ಸೇರಿದರು. ಮುಖ್ಯ ಅತಿಥಿಗಳೂ ಬಂದರು. ಸುಬೇದಾರರು ಒಗೆದು ಒಣಹಾಕಿದ್ದ ಸಮವಸ್ತ್ರ ಇನ್ನೂ ಆರಿರಲಿಲ್ಲ. ಬನೀನಿನಲ್ಲೇ ಬಂದು ಕೈ ನೀಡಿದರು. “ತಗೊಂಬಾ ಪಿಸ್ತೂಲು!”

ಮಾಯಿಗ ಅವರನ್ನು ಮೇಲಿಂದ ಕೆಳಗೆ ನೋಡಿದ. “ಸುಬೇದಾರರಿಗೆ ಆಗ್ಲೇ ಕೊಟ್ಟಾಯ್ತು. ತಾವ್ಯಾರು?”

“ಯಾರಿಗೆ ಕೊಟ್ಟೆಯೋ?” ಎಂದು ಸಾಕಮ್ಮ ಚೀರಿದಳು. ಮಾಯಿಗ ಹಿತ್ತಲ ಕಡೆ ಬೆರಳು ತೋರಿಸಿದ. ಎಲ್ಲರೂ ಅತ್ತ ಓಡಿದರು. ಹಗ್ಗದ ಮೇಲೆ ಸುಬೇದಾರರ ಸಮವಸ್ತ್ರ ತೂಗುತ್ತಿತ್ತು. ಸುಬೇದಾರರು ಅದಕ್ಕೆ ಪದಕಗಳನ್ನೂ ಆಗಲೇ ಸಿಕ್ಕಿಸಿದ್ದರು. ಒಂದು ಜೇಬಿನಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಗುಂಡಿನ ಡಬ್ಬಿ!

“ಅಯ್ಯೋ, ಒಳಗೆ ಯಾರೂ ಇಲ್ವಲ್ಲೋ!”

“ಒಳಗೆ ನೋಡಬ್ಯಾಡ ಅಂದೋಳು ನೀನೇ ಅಲ್ವೇನವ್ವಾ!”

ಸುಬೇದಾರರು ಜೇಬಿನಿಂದ ಪಿಸ್ತೂಲು ತೆಗೆದುಕೊಂಡರು. “ಸಾಕು. ಮನೆ ಬಿಡಿ. ಇವತ್ತೇ.”

ಸಾಕಮ್ಮ ತಲೆ ಮೇಲೆ ಕೈ ಹೊತ್ತು ನೆಲಕ್ಕೆ ಕೂತಳು. ಮಾಯಿಗನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸಮವಸ್ತ್ರದ ಮುಂದೆ ಹೋಗಿ ಸಲಾಮು ಹೊಡೆದ. “ಬುದ್ಧಿ, ಯಾರೋ ಬನೀನಿನವರು ಬಂದು ಮನೆ ಬಿಡಿ ಅಂತಾವ್ರೆ. ಬಿಡಬೇಕಾ, ತಾವೇ ಹೇಳಿ!”

ಗಾಳಿ ಬೀಸಿತು. ಎರಡು ತೋಳೂ ಅತ್ತಿತ್ತ ಆಡಿದವು.

ಮಾಯಿಗ ಕುಣಿದಾಡಿದ. “ಏಳವ್ವಾ, ಏಳು! ಬ್ಯಾಡ ಬ್ಯಾಡ ಅಂತ ಕೈಯಾಡಿಸ್ತಾವ್ರೆ!”