ಹಿಂದೆ ನೋಡುವ ಸಿಂಹದ ಬಂಡೆ

ಕೆಳಕೋಡಿಯ ಅಳಿವೆಯಲ್ಲಿ, ನದಿ ಕಡಲನ್ನು ಸೇರುವ ಬಾಯಿಯ ಬಳಿ, ಒಂದು ಕರಿಬಂಡೆಯಿದೆ. ಅದರ ಮೇಲೆ ಕೆತ್ತಿದ ಪ್ರಾಣಿಯೊಂದು ಮುಂದಕ್ಕೆ ಹೆಜ್ಜೆಯಿಟ್ಟು, ಕತ್ತನ್ನು ಮಾತ್ರ ಪೂರ್ತಿ ಹಿಂದಕ್ಕೆ ತಿರುಗಿಸಿ ನಿಂತಿದೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಮೂರು ಕಿರೀಟಗಳ ಗುರಾಣಿ. ಊರವರು ಇದನ್ನು ‘ಹಿಂದ್ ಕಾಂಬ ಸಿಂಹದ ಬಂಡೆ’ ಎನ್ನುತ್ತಾರೆ. ಸಿಂಹವನ್ನೇ ಕಾಣದ ಕಲ್ಲುಕುಟಿಗನ ಕೆಲಸವಾದ್ದರಿಂದ ಅದು ಬೆಕ್ಕಿಗೆ ಹತ್ತಿರದ ನೆಂಟನಂತಿದೆ. ನಗುವವರು ನಗಲಿ, ಚಿಕ್ಕಂದಿನಲ್ಲಿ ನಾನೂ ನಕ್ಕವನೇ. ಆದರೆ ಈ ಸಿಂಹ ನಮ್ಮ ಸೀಮೆಯದಲ್ಲ, ಸ್ವೀಡನ್ ದೇಶದ ಯಾವುದೋ ಬಂದರು ಪಟ್ಟಣದ ಲಾಂಛನವಂತೆ.

ಹಿಂದೆ ಒಮ್ಮೆ, ಪರದೇಶದ ಹಡಗುಗಳು ಮೆಣಸಿಗಾಗಿ ಈ ಕರಾವಳಿಗೆ ಬರುತ್ತಿದ್ದ ಕಾಲದಲ್ಲಿ, ಆ ಪಟ್ಟಣದ ಹಡಗೊಂದು ಮಳೆಗಾಲದ ಮೊದಲ ಗಾಳಿಗೆ ಸಿಕ್ಕಿ ಅಳಿವೆಯಾಚೆಯ ಮರಳುದಿಬ್ಬಕ್ಕೆ ಬಡಿಯಿತು. ಜನರನ್ನು ಕರೆತರಲು ಮೀನುಗಾರರಾದ ಮೊಗವೀರರ ಕೇರಿಯಿಂದ ಎರಡು ದೋಣಿ ಹೊರಟವು. ಮುಂದಿನ ದೋಣಿಯ ಚುಕ್ಕಾಣಿ ದೋಣಿಗಳ ಮುಂದಾಳು, ಹೆರಿಯ ಎಂಬ ತಾಂಡೇಲನದು, ಹಿಂದಿನದು ಅವನ ತಮ್ಮ ಚಿಕ್ಕನದು. ಆಗ ಕೇರಿಯಲ್ಲಿ ಒಂದು ಕಟ್ಟಳೆಯಿತ್ತು. ದಡಕ್ಕೆ ಮುಖ ಮಾಡಿದ ಮೇಲೆ ಅಳಿವೆ ದಾಟುವವರೆಗೆ ಚುಕ್ಕಾಣಿಯವನು ಹಿಂದೆ ನೋಡಬಾರದು. ನೋಡಿದವನನ್ನು ಕಡಲು ಗುರುತಿಟ್ಟುಕೊಳ್ಳುತ್ತದೆ, ಅವನು ಹತ್ತಿದ ದೋಣಿಯನ್ನು ಎಂದಾದರೂ ನುಂಗುತ್ತದೆ ಎಂಬ ನಂಬಿಕೆ. ಅಂಥವನನ್ನು ಮತ್ತೆ ಯಾರೂ ದೋಣಿಗೆ ಹತ್ತಿಸುತ್ತಿರಲಿಲ್ಲ. ಇದನ್ನು ಬರೀ ಮೂಢತನ ಎನ್ನಲಾರೆ. ಅಲೆ ಒಡೆಯುವ ಜಾಗದಲ್ಲಿ ಕಣ್ಣು ತಪ್ಪಿದರೆ ದೋಣಿ ಮಗುಚಲು ಹೊತ್ತು ಬೇಡ.

ಮರಳುವಾಗ ಹಡಗಿನ ಕಪ್ತಾನ ಹೆರಿಯನಿಗೆ ಎದುರಾಗಿ ತಲೆ ತಗ್ಗಿಸಿ ಕುಳಿತಿದ್ದ. ಹಡಗಿನಿಂದ ಅವನು ಉಳಿಸಿಕೊಂಡು ತಂದದ್ದು ಒಂದು ಮರದ ಹಲಗೆ, ಅದರ ಮೇಲೆ ಇದೇ ಸಿಂಹ. ಅಳಿವೆಯ ನಡುವೆ ಹಿಂದಿನಿಂದ ಒಂದು ಕೂಗು ಕೇಳಿದಂತಾಯಿತು. ಗಾಳಿಯೋ ತಮ್ಮನೋ ತಿಳಿಯಲಿಲ್ಲ. ತಿರುಗಿದರೆ ಕಡಲಿನ ಬಾಳು ಅಲ್ಲಿಗೆ ಮುಗಿಯುತ್ತದೆ, ತಿರುಗದಿದ್ದರೆ ತಮ್ಮನ ಗತಿಯೇನು? ಹೆರಿಯ ಹಲ್ಲು ಕಚ್ಚಿ ಮುಂದೆಯೇ ನೋಡಿದ. ಅಲ್ಲಿ ಕಂಡದ್ದು ಕಪ್ತಾನನ ತೊಡೆಯ ಮೇಲಿನ ಸಿಂಹ. ಕತ್ತಿ ಗುರಾಣಿ ಎಲ್ಲ ಇದ್ದೂ ಅದು ಹಿಂದಕ್ಕೇ ನೋಡುತ್ತಿತ್ತು. ಹೆರಿಯ ತಿರುಗಿದ. ಚಿಕ್ಕನ ದೋಣಿ ಮಗುಚಿ, ಜನ ಅದರ ಬೆನ್ನಿಗೆ ಅಂಟಿಕೊಂಡಿದ್ದರು. ಅವನು ದೋಣಿಯನ್ನು ಮತ್ತೆ ಕಡಲಿಗೆ ತಿರುಗಿಸಿ, ಒಬ್ಬರನ್ನೂ ಬಿಡದೆ ಎತ್ತಿ ತಂದ.

ದಡದಲ್ಲಿ ಕಪ್ತಾನ ದುಭಾಷಿಯ ಮೂಲಕ ತನ್ನೂರಿನ ನಾಚಿಕೆಯನ್ನು ಹೇಳಿಕೊಂಡನಂತೆ. ಕತ್ತಿ ಬಂದರಿನ ಕಾವಲಿಗೆ, ಕಿರೀಟಗಳು ರಾಜನ ಗುರುತಿಗೆ. ಆದರೆ ಕೆತ್ತಿದವನ ತಪ್ಪಿನಿಂದ ಕತ್ತು ಹಿಂದಾಗಿ, ಓಡಿಹೋಗುವ ಸಿಂಹವೆಂದು ಉಳಿದ ಬಂದರಿನವರು ಹಾಸ್ಯ ಮಾಡುತ್ತಾರೆ ಎಂದ. ಹೆರಿಯ ಅಲ್ಲವೆಂದು ತಲೆಯಾಡಿಸಿದ.

“ಹೆದ್ರಿ ಓಡುದಲ್ಲ ಅದ್. ಹಿಂದ್ ಇದ್ದವ್ರ್ ಬಂದ್ರಾ ಅಂದ್ ಕಾಂಬುದ್.”

ಕಪ್ತಾನ ಹಲಗೆಯನ್ನು ಅವನಿಗೇ ಕೊಟ್ಟು ಹೋದ. ಆದರೆ ಕೇರಿಯ ಹಿರಿಯರಾದ ಗುರಿಕಾರರು ಕಟ್ಟಳೆ ಬಿಡಲಿಲ್ಲ; ಕಡಲು ಗುರುತಿಟ್ಟವನನ್ನು ಇನ್ನು ಯಾವ ದೋಣಿಗೂ ಹತ್ತಿಸುವಂತಿಲ್ಲ ಎಂದರು. ಹೆರಿಯ ಎತ್ತಿ ತಂದವರೂ ಅವನ ಪರ ನಿಲ್ಲಲಿಲ್ಲ, ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. “ತಮ್ಮನ್ನ ಉಳ್ಸ್ಕಂಡ್ ಬಂದ್ರಲೆ, ಅಷ್ಟ್ ಸಾಕ್” ಎಂದು ಹೆಂಡತಿ ಮುತ್ತು ಅವನಿಗೆ ಗಂಜಿ ಬಡಿಸಿದಳು. ಅಂದಿನಿಂದ ಹೆರಿಯ ದಿನವೂ ಈ ಬಂಡೆಯ ಮೇಲೆ ಕೂತು, ಕಡೆಯ ದೋಣಿ ಒಳಗೆ ಬಂದ ಮೇಲೆಯೇ ಮನೆಗೆ ಏಳುತ್ತಿದ್ದ. ತಾವು ಹಿಂದೆ ನೋಡದಿದ್ದರೂ ನೋಡಲು ಹೆರಿಯನಿದ್ದಾನೆ ಎಂಬ ಧೈರ್ಯ ಎಲ್ಲರಿಗೂ ಬಂತು. ಹೀಗೇ ವರ್ಷಗಳು ಕಳೆದವು. ಒಂದು ಸಂಜೆ ದೋಣಿಗಳು ಮರಳುವಾಗ ಬಂಡೆ ಬರಿದಾಗಿತ್ತು. ಎಲ್ಲರಿಗಿಂತ ಮುಂದಿದ್ದ ಚಿಕ್ಕನಿಗೆ ಅಣ್ಣ ಇನ್ನಿಲ್ಲವೆಂದು ತಿಳಿಯಿತು. ಅಳಿವೆಯ ನಡುವೆಯೇ ಅವನು ಕತ್ತು ತಿರುಗಿಸಿ, ಹಿಂದಿನ ದೋಣಿಗಳು ಬರುತ್ತಿವೆಯೇ ಎಂದು ನೋಡಿದ. ಅವನನ್ನು ಕಂಡು ಹಿಂದಿನವನು, ಅವನನ್ನು ಕಂಡು ಮತ್ತೊಬ್ಬ. ಗುರಿಕಾರರು ಅಂದು ಹಿಂದೆ ನೋಡಿದವರಲ್ಲಿ ಯಾರನ್ನೂ ದಡದಲ್ಲಿ ಕೂರಿಸಲಿಲ್ಲ.

ಹಲಗೆ ಗೆದ್ದಲು ಹಿಡಿಯುವ ಮೊದಲು ಚಿಕ್ಕ ಅದನ್ನು ನೋಡಿ ಕಲ್ಲಿನಲ್ಲಿ ಕೆತ್ತಿಸಿದ ಎನ್ನುತ್ತಾರೆ. ಉಪ್ಪುಗಾಳಿಗೆ ಸಿಂಹದ ಮುಖ ಸವೆದಿದೆ, ತಿರುಗಿದ ಕತ್ತು ಮಾತ್ರ ಸ್ಪಷ್ಟವಾಗಿ ಉಳಿದಿದೆ. ಬಂದವರು ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಸಂಜೆಯವರೆಗೆ ನಿಂತವರಿಗೆ ಮೀನುಗಾರಿಕೆಯ ಬೋಟುಗಳು ಬರುವುದು ಕಾಣುತ್ತದೆ. ವಯರ್‌ಲೆಸ್ ಇದ್ದರೂ, ಅಳಿವೆಗೆ ಬಂದಾಗ ಒಬ್ಬೊಬ್ಬ ಚಾಲಕನೂ ಒಮ್ಮೆ ಹಿಂದೆ ತಿರುಗುತ್ತಾನೆ. ಸಿಂಹದ ಪಕ್ಕದಲ್ಲಿ ಒಬ್ಬರು ಕೂರುವಷ್ಟು ನುಣುಪಾದ ಜಾಗವಿದೆ. ಅಲ್ಲಿ ನಮ್ಮೂರಿನವರು ಯಾರೂ ಕೂರುವುದಿಲ್ಲ.